ತುಳಿಯದ ಹೂ

ಆರ್ಲೆತ್ ಸಾರದಲ್ಲಿ ಅದ್ದಿದ ಕಾಗದದ ಪಟ್ಟಿಯನ್ನು ಒಂದು ಸಲ ಮೂಸಿ, ಮುಖ ಕಿವುಚಿ, ಅದನ್ನು ಬೇಲಿಯ ಕಂಬಕ್ಕೆ ಒರೆಸಿಬಿಟ್ಟಳು.

"ಇದು ನಮ್ಮ ಹೂವಲ್ಲ ಮಸ್ಯೋ. ಹುಳಿ ಬಂದ ಹಾಲಿನ ಕ್ಯಾನಲ್ಲಿ ಇಲಿ ಸತ್ತ ಹಾಗಿದೆ."

"ಹೋದ ವರ್ಷ ನೀವೇ ಬಾಚಿ ಕೊಟ್ಟ ಹೂವಿನ ಸಾರ ಅದು," ಎಂದರು ಫಾಬ್ರೆಗ್. ದನಿ ಏರಿಸಲಿಲ್ಲ. ಅದೇ ಆರ್ಲೆತ್‌ಳನ್ನು ಇನ್ನಷ್ಟು ಉರಿಸಿತು.

ಕಣಿವೆಯ ಊರಿನಲ್ಲಿ ಫಾಬ್ರೆಗ್ ಅವರ ಸುಗಂಧದ ಮನೆ ಶುರುವಾಗಿ ಇಪ್ಪತ್ತು ವರ್ಷ. ಒಬ್ರಾಕ್ ಪ್ರಸ್ಥಭೂಮಿಯಲ್ಲಿ ಬೆಳೆಯದ ಯಾವುದನ್ನೂ ಅವರು ಸೀಸೆಗೆ ಇಳಿಸಿದವರಲ್ಲ. ಒಣಹುಲ್ಲು, ಜೆಂಶಿಯನ್ ಬೇರು, ಎಲ್ಲಕ್ಕಿಂತ ಮಿಗಿಲಾಗಿ ಮೇ ಕೊನೆಗೆ ಹುಲ್ಲುಗಾವಲನ್ನೆಲ್ಲ ಬೆಳ್ಳಗೆ ಮಾಡುವ ನಾರ್ಸಿಸ್ ಹೂ. ಆ ಹೂವನ್ನು ಉದ್ದ ಹಲ್ಲಿನ ಮರದ ಬಾಚಣಿಗೆಯಲ್ಲಿ ಬಾಚಿ ಕೊಡುವವರು ಆರ್ಲೆತ್ ಮತ್ತು ಅವಳ ಐವರು ಹೆಂಗಸರು. ಹೋದ ವರ್ಷದ ಸರಕು ಪೂರ್ತಿ ಕೆಟ್ಟಿತು. ಈ ವರ್ಷವೂ ಕೆಟ್ಟರೆ ಹೂವನ್ನು ಬೇರೆ ದೇಶದಿಂದ ತರಿಸುವುದೆಂದು ಫಾಬ್ರೆಗ್ ಹೇಳಿಯಾಗಿತ್ತು. ಅದನ್ನು ನಿಂತು ನೋಡಿ ತೀರ್ಮಾನಿಸಲೆಂದೇ ತಮ್ಮ ಹೊಸ ಪರಿಮಳಗಾರ್ತಿ ಕ್ಲೆಮಾಂಸ್‌ಳನ್ನು ಜೊತೆಗೆ ಕರೆತಂದಿದ್ದರು. ಮೂವತ್ತು ತುಂಬದ ಪ್ಯಾರಿಸ್ಸಿನ ಹುಡುಗಿ. ಆ ಕಸುಬಿನವರನ್ನು 'ಮೂಗು' ಅಂತಲೇ ಕರೆಯುವುದು. ಅವಳ ಮೂಗು ಕಡಲೆಕಾಳಿನಷ್ಟಿದೆ ಎಂದು ಹೆಂಗಸರು ಬೆಳಗಿನಿಂದ ನಗುತ್ತಿದ್ದರು.

ಆರ್ಲೆತ್ ಯಾರನ್ನೂ ಬಿಡಲಿಲ್ಲ. ನಿಮ್ಮ ಕಾರ್ಖಾನೆಯವರು ಹಂಡೆ ತೊಳೆದಿರುವುದಿಲ್ಲ ಎಂದಳು. ಬಿಸಿಲು ಜಾಸ್ತಿಯಾಗಿದೆ ಎಂದಳು. ಕೊನೆಗೆ, ಪೇಟೆಯ ಮೂಗಿಗೆ ಹೊಗೆ ಬಿಟ್ಟರೆ ಬೇರೇನು ಗೊತ್ತು ಎಂದೂ ಅಂದಳು. ಕ್ಲೆಮಾಂಸ್ ಅದನ್ನೂ ಬರೆದುಕೊಂಡಳೋ ಏನೋ, ಪುಸ್ತಕದಿಂದ ತಲೆ ಎತ್ತಲಿಲ್ಲ.

ಇಬ್ಬನಿ ಆರಿದ ಮೇಲೆ ಬಾಚಲು ಇಳಿದರು. ಸೊಂಟ ಬಗ್ಗಿಸಿ, ಎರಡೂ ಕೈಯಲ್ಲಿ ಬಾಚಣಿಗೆ ಹಿಡಿದು ಗಾಳಿಗೆ ಎದುರಾಗಿ ಒಂದು ಎಳೆತ. ಹೂವಿನ ತಲೆಗಳು ಪಟಪಟನೆ ಬಾಚಣಿಗೆಯ ಹಿಂದಿನ ಪೆಟ್ಟಿಗೆಗೆ ಬಿದ್ದವು. ಒಂದು ಕಡ್ಡಿ ಹುಲ್ಲೂ ಬರಲಿಲ್ಲ. ಚೀಲ ತುಂಬಿದ ಹಾಗೆ ಆರ್ಲೆತ್‌ಳ ತಮ್ಮ ಫಿರ್ಮಾಂ ಹೊತ್ತು ಲಾರಿಗೆ ಹಾಕಿದ. ಮೊದಲೆಲ್ಲ ಹೂವನ್ನು ತಟ್ಟೆಗಳಲ್ಲಿ ಹರಡಿ ಟ್ರ್ಯಾಕ್ಟರಿನಲ್ಲಿ ನಾಲ್ಕೈದು ಸಲ ಇಳಿಸುತ್ತಿದ್ದರು. ಹೋದ ವರ್ಷ ಅವನು ಲಾರಿ ಕೊಂಡ ಮೇಲೆ ಸಂಜೆಗೆ ಒಂದೇ ಸಲ. ಆರ್ಲೆತ್ ಲಾರಿ ಹತ್ತಿ, ಬೂಟುಗಾಲಿನಲ್ಲಿ ಚೀಲಗಳನ್ನು ಚೆನ್ನಾಗಿ ತುಳಿದಳು. ಒಣಹುಲ್ಲು ಅಟ್ಟಕ್ಕೆ ಹಾಕುವಾಗ ಹುಟ್ಟಿದಾಗಿನಿಂದ ಮಾಡಿದ ಕೆಲಸ. ಉಸಿರಾಡುವುದನ್ನು ಯಾರಾದರೂ ಯೋಚಿಸಿ ಮಾಡುತ್ತಾರೆಯೇ?

ಮಧ್ಯಾಹ್ನ ಬೀಚ್ ಮರದ ನೆರಳಲ್ಲಿ ರೊಟ್ಟಿ, ಗಿಣ್ಣು, ಒಣ ಸಾಸೇಜು ಬಿಚ್ಚಿದರು. ಒಂಬತ್ತು ವರ್ಷದವಳಿದ್ದಾಗ ಅಪ್ಪನ ಅಟ್ಟಕ್ಕೆ ಬೆಂಕಿ ಬಿದ್ದ ಕಥೆಯನ್ನು ಆರ್ಲೆತ್ ಹೇಳಿದಳು. ಯಾರೂ ಕಡ್ಡಿ ಗೀರಿರಲಿಲ್ಲ. ಹಸಿ ಹುಲ್ಲನ್ನು ತುಳಿದು ಒತ್ತಿದ್ದಕ್ಕೆ ಅದು ಒಳಗೊಳಗೇ ಕಾದು ಹತ್ತಿಕೊಂಡಿತ್ತು. ಅಂದಿನಿಂದ ಯಾವ ಅಟ್ಟ ಕಂಡರೂ ತೋಳು ತೂರಿಸಿ ನೋಡದೆ ಬಿಡುವವಳಲ್ಲ.

"ಕಾದಿದೆ ಅಂತ ತೋಳಿಗೆ ಹೇಗೆ ಗೊತ್ತಾಗುತ್ತೆ, ಮದಾಂ?" ಎಂದು ಕೇಳಿದಳು ಕ್ಲೆಮಾಂಸ್. ಬೆಳಗಿನಿಂದ ಅವಳು ಆಡಿದ ಮೊದಲ ಮಾತು.

ಪೇಟೆಯವಳಿಗೆ ಬುದ್ಧಿ ಕಲಿಸುವ ಅವಕಾಶ. ಆರ್ಲೆತ್ ಎದ್ದು, ಅಂಗಿಯ ತೋಳು ಮಡಿಚಿ, ಲಾರಿಯ ತುದಿಯಲ್ಲಿದ್ದ ಚೀಲದ ಬಾಯಿ ಬಿಚ್ಚಿ ಮೊಣಕೈವರೆಗೆ ಕೈ ತೂರಿಸಿದಳು. "ನೋಡು, ಹೀಗೆ..." ಎಂದವಳು ಅಲ್ಲೇ ನಿಂತಳು.

ಕರುವಿನ ಬಾಯೊಳಗೆ ಕೈ ಇಟ್ಟ ಹಾಗೆ ಬೆಚ್ಚಗಿತ್ತು.

ಇನ್ನೊಂದು ಚೀಲ ಬಿಚ್ಚಿದಳು. ಅದೂ ಹಾಗೆಯೇ. ಕೈ ಹೊರಗೆ ತೆಗೆದು ಮೂಸಿದಳು. ಬೇಲಿ ಕಂಬಕ್ಕೆ ಒರೆಸಿದ ವಾಸನೆ, ಇನ್ನೂ ಎಳೆಯದು. ಫಿರ್ಮಾಂ ಅಕ್ಕನ ಮುಖ ನೋಡಿ, ಮೆಲ್ಲಗೆ, "ಬಿಸಿಲಿಗೆ ಅಂತ ಹೇಳಿಬಿಡು ಅಕ್ಕ," ಎಂದ. ಹೇಳಬಹುದಿತ್ತು. ಫಾಬ್ರೆಗ್ ಇಪ್ಪತ್ತು ಹೆಜ್ಜೆ ಆಚೆ ಬೆನ್ನು ಮಾಡಿ ಗಿಣ್ಣು ಕೊಯ್ಯುತ್ತಿದ್ದರು. ಹೂವಿಗೆ ಬಾಯಿಲ್ಲ.

ಆರ್ಲೆತ್‌ಳ ಕಿವಿ ಕೆಂಪಾಯಿತು. ಅವಳು ನೇರ ನಡೆದು ಅವರ ಮುಂದೆ ನಿಂತಳು.

"ಮಸ್ಯೋ, ಹೋದ ವರ್ಷದ ಹೂವು ಕೆಡಿಸಿದ್ದು ನಾನು. ಈ ಕಾಲಲ್ಲೇ ತುಳಿದು ಕೆಡಿಸಿದೆ. ನಿಮ್ಮ ಹಂಡೆಗೂ ಈ ಹುಡುಗಿ ಮೂಗಿಗೂ ಸುಮ್ಮನೆ ಬೈದೆ. ಈಗ ನೀವು ಬೈಯೋದಿದ್ರೆ ಬೇಗ ಬೈದುಬಿಡಿ, ಇಬ್ಬನಿ ಇಳಿಯೋದ್ರೊಳಗೆ ನಂಗೆ ಕೆಲಸ ಇದೆ."

ಅವರು ಬೈಯಲಿಲ್ಲ. ಬೈಸಿಕೊಳ್ಳಲು ಅವಳು ನಿಂತಿರಲೂ ಇಲ್ಲ. ಬೆಳಗಿನ ಹೂವನ್ನೆಲ್ಲ ಗೊಬ್ಬರದ ಗುಂಡಿಗೆ ಸುರಿಸಿದಳು. ಹೆಂಗಸರ ಮನೆಮನೆಯಿಂದ ಮಂಚದ ಹೊದಿಕೆಗಳು ಬಂದವು. ಕರು ಸಾಗಿಸುವ ಗಾಡಿಯ ಪಟ್ಟಿ ಹಲಗೆಗಳನ್ನು ತೊಳೆದು, ಮೇಲೆ ಹೊದಿಕೆ ಹಾಸಿ, ಬಾಚಿದ ಹೂವನ್ನು ಗೇಣೆತ್ತರ ಮೀರದ ಹಾಗೆ ಹರಡಿದರು. ಸಂಜೆಯೊಳಗೆ ಫಿರ್ಮಾಂ ಮೂರು ಸಲ ಕಣಿವೆಗೆ ಇಳಿದು ಹತ್ತಿದ. ಪ್ರತಿ ಸಲ ಹೊರಡುವ ಮುನ್ನ ಆರ್ಲೆತ್ ಹೂವಿನೊಳಗೆ ಕೈ ಇಟ್ಟು ನೋಡಿದಳು. ತಣ್ಣಗಿತ್ತು, ಬಾವಿಯ ಕಲ್ಲಿನ ಹಾಗೆ.

ಹತ್ತು ದಿನ ಸುದ್ದಿಯಿಲ್ಲ. ಕೆಳಗಿನ ಗಾವಲಿನ ಹೂ ಮುಗಿದು ಮೇಲಿನ ಗಾವಲು ಬೆಳ್ಳಗಾಯಿತು. ಅಲ್ಲಿಗೆ ದನ ಬಿಟ್ಟುಬಿಡಲೇ ಎಂದು ಫಿರ್ಮಾಂ ದಿನವೂ ಕೇಳಿದ; ಅವಳು ದಿನವೂ ಅವನಿಗೆ ಬೈದಳು. ಹನ್ನೊಂದನೆಯ ಬೆಳಿಗ್ಗೆ, ಅವನು ಬೇಲಿಯ ಅಗುಳಿಗೆ ಕೈ ಹಾಕಿದ್ದಾಗ, ಫಾಬ್ರೆಗ್ ಕಾರು ಏರು ಹತ್ತಿ ಬಂತು.

ಕ್ಲೆಮಾಂಸ್ ಇಳಿದು ಒಂದು ಕಾಗದದ ಪಟ್ಟಿ ಚಾಚಿದಳು. ಆರ್ಲೆತ್ ಮೂಸಿದಳು. ಇನ್ನೊಮ್ಮೆ ಮೂಸಿದಳು. ಇಬ್ಬನಿ ಆರುವ ಹೊತ್ತಿನ ಹುಲ್ಲುಗಾವಲು, ಜೇನು, ದೂರದಲ್ಲೆಲ್ಲೋ ದನದ ಉಸಿರು. ಪಟ್ಟಿ ಕೈಯಿಂದ ಕೈಗೆ ದಾಟಿ ಎಪ್ಪತ್ತರ ಪೋಲೆತ್ ಮುದುಕಿಯ ಬಳಿ ಹೋಯಿತು.

"ಆರ್ಲೆತ್ ಕಾಲು ತೆಗೆದಿದ್ದೇ ತಡ, ಒಬ್ರಾಕ್ ಪೂರ್ತಿ ಘಮ್ ಅಂತು ನೋಡಿ," ಎಂದಳು ಪೋಲೆತ್. ಎಲ್ಲರಿಗಿಂತ ಜೋರಾಗಿ ನಕ್ಕವಳು ಆರ್ಲೆತ್.

ಇಪ್ಪತ್ತು ವರ್ಷದಲ್ಲಿ ಇಂಥ ಸಾರ ತಮ್ಮ ಮನೆಗೆ ಬಂದಿಲ್ಲ, ಮೇಲಿನ ಗಾವಲಿನದೂ ಪೂರ್ತಿ ಬೇಕು, ಮುಂದಿನ ವರ್ಷದ್ದೂ ಎಂದರು ಫಾಬ್ರೆಗ್. ಆರ್ಲೆತ್ ಪಟ್ಟಿಯನ್ನು ವಾಪಸು ಕೊಡಲಿಲ್ಲ. ತಲೆವಸ್ತ್ರದ ಮಡಿಕೆಗೆ ಸಿಕ್ಕಿಸಿಕೊಂಡಳು. "ಬೇಗ ಬೇಗ," ಎಂದು ಹೆಂಗಸರನ್ನು ಗದರಿದಳು. "ಇಬ್ಬನಿ ಆರಿ ಎಷ್ಟು ಹೊತ್ತಾಯ್ತು?"

ಹೊದಿಕೆ ಹಾಸಲು ಗಾಡಿ ಹತ್ತುವ ಮುನ್ನ ಅವಳು ಬೂಟು ಬಿಚ್ಚಿ ಬೇಲಿಯ ಕಂಬದ ಬುಡದಲ್ಲಿ ಜೋಡಿಸಿಟ್ಟಳು. ಎಲ್ಲರೂ ಹೂವಿಗೆ ಇಳಿದ ಮೇಲೆ ಒಂದು ಜೇನುಹುಳ ಬಂದು ಅವುಗಳ ಸುತ್ತ ಹಾರಾಡಿತು. ಆಮೇಲೆ ಎಡಗಾಲಿನ ಬೂಟಿನ ಒಳಗೆ ನಿಧಾನವಾಗಿ ಇಳಿಯಿತು.