ಆ ಬೆಟ್ಟದಲ್ಲಿ ರೈಲಿಲ್ಲ

ಟೀ ಮೇಲೆ ಕೆನೆ ಕಟ್ಟಿದೆ, ಎರಡು ಗಂಟೆಗೆ ಮಾಡಿಟ್ಟ ಟೀ, ಡೆಮೋ ಶುರುವಾಗುವ ಮುಂಚೆ, ಆಗ ನಮ್ಮ ಟೀಮಿನ ಶ್ರೀನಿಧಿಯೂ ಪರದೆಯಲ್ಲಿ ತನ್ನ ಕಾಫಿ ಲೋಟ ಎತ್ತಿ ತೋರಿಸಿದ, ವೇದಕ್ಕ, ಇಲ್ಲಿ ಬೆಳಗ್ಗೆ ಹನ್ನೊಂದು, ಮೂರು ದಿನದಿಂದ ಒಂದೇ ಸಮ ಮಳೆ, ನಿಮ್ಮ ಅತ್ಲೋನ್ ಮಳೆ ಇದರ ಮುಂದೆ ಏನೂ ಅಲ್ಲ ಬಿಡಿ ಅಂದ, ನಾನು ನಕ್ಕೆ, ಹೌದು, ಆಗಲೂ ನಕ್ಕೆ — ಈಗ ಮೂರು ಇಪ್ಪತ್ತು, ಫೋನಿನಲ್ಲಿ ಅವನ ಹೆಂಡತಿ ಲುವಾನಾಳ ಮೆಸೇಜು, ನಮ್ಮ ಬೀದಿಯ ಮೇಲೆ ಗುಡ್ಡ ಕುಸಿದಿದೆ, ನಾನು ಹೊರಗಿದ್ದೆ, ಮನೆ ಮಣ್ಣಿನೊಳಗಿದೆ, ಶ್ರೀ ನಿಮ್ಮ ಜೊತೆ ಮೀಟಿಂಗಿನಲ್ಲಿದ್ದ ಅಲ್ಲವಾ, ಕೊನೆಗೆ ಏನು ಹೇಳಿದ, ಮೇಲಿನ ಕೋಣೆಗೆ ಹೋದನಾ, ಕೆಳಗೆ ಮೆಟ್ಟಿಲ ಕಡೆ ಓಡಿದನಾ, ಎಲ್ಲಿ ಮೊದಲು ಅಗೆಯಬೇಕು ಅಂತ ರಕ್ಷಣೆಗೆ ಬಂದವರು ಕೇಳುತ್ತಿದ್ದಾರೆ, ಬೇಗ ಹೇಳಿ. ಬೇಗ ಹೇಳಬೇಕಂತೆ. ಏನು ಹೇಳಲಿ, ಅಯ್ಯೋ ದೇವರೇ, ಅವನು ಹೇಳಿದ್ದನ್ನು ನಾನು ಕೇಳಿಸಿಕೊಂಡಿದ್ದರೆ ತಾನೇ, ಕಣ್ಣು ಮುಚ್ಚಿದರೆ ಕೆಂಪು ಮೈಕು, ತೆರೆದರೆ ಕೆನೆ ಕಟ್ಟಿದ ಟೀ.

ಕಳಿಸಿದವಳೂ ನಾನೇ, ಅದೊಂದು ಬೇರೆ. ಲುವಾನಾ ಊರು ಬೆಲೊ ಒರಿಜೊಂಟಿ, ಬ್ರೆಜಿಲ್ಲು, ಅಲ್ಲಿಂದ್ಲೇ ಕೆಲಸ ಮಾಡ್ತೀನಿ ವೇದಕ್ಕ, ಟೀಮ್ ಲೀಡ್ ಒಪ್ಪಿದ್ರೆ ಎಚ್‌ಆರ್ ಏನೂ ಅನ್ನಲ್ಲ, ಪ್ಲೀಸ್ ಅಂತ ಗೋಗರೆದ, ಹೋಗು ಮಾರಾಯ, ಇಲ್ಲಿಯವರ ಥರ ಗ್ರ್ಯಾಂಡ್ ಅಂದೆ, ಗ್ರ್ಯಾಂಡಂತೆ, ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ. ಮೊದಲ ವಾರ ಲ್ಯಾಪ್‌ಟಾಪ್ ಎತ್ತಿಕೊಂಡು ಮನೆಯೆಲ್ಲ ತಿರುಗಿಸಿ ತೋರಿಸಿದ, ಇದು ಮೇಲಿನ ರೂಮು, ಇದು ಕೆಳಕ್ಕಿಳಿಯೋ ಮೆಟ್ಟಿಲು, ಬೀದಿ ನೋಡಿ ಹೆಂಗೈತೆ, ಬಸ್ಸೂ ಹತ್ತಲ್ಲ, ರೈಲಂತೂ ದೂರದ ಮಾತು, ಕಾಲೇ ಗತಿ — ಚಾಮುಂಡಿ ಬೆಟ್ಟದ ಮೆಟ್ಟಿಲಿಗೇ ಮೂರು ಸಲ ಕೂತು ಸುಧಾರಿಸಿಕೊಳ್ಳುತ್ತಿದ್ದ ಮೈಸೂರಿನ ಸೋಮಾರಿ — ಕಿಟಕಿಯಾಚೆ ಮನೆಯ ಮೇಲೆ ಮನೆ, ಹಸಿರು, ನನಗೆ ಹೊಟ್ಟೆಕಿಚ್ಚಾಯಿತು, ಇಲ್ಲಿ ಅತ್ಲೋನಿನಲ್ಲಿ ದುರ್ಬೀನು ಹಾಕಿ ಹುಡುಕಿದರೂ ಒಂದು ಗುಡ್ಡ ಸಿಗುವುದಿಲ್ಲ, ಶಾನನ್ ಹೊಳೆಗೂ ಹರಿಯಲು ಮನಸ್ಸಿಲ್ಲ. ಇವತ್ತು ಎರಡು ನಲವತ್ತಕ್ಕೆ ಗುಡುಗುಡು ಸದ್ದು, ಮೊದಲು ಸಣ್ಣಗೆ, ಆಮೇಲೆ ಹೆಡ್‌ಫೋನ್ ನಡುಗುವಷ್ಟು, ಡಬ್ಲಿನ್ನಿನ ಗ್ರಾಹಕ ಡೆಕ್ಲನ್ ಮಾತು ನಿಲ್ಲಿಸಿ, ಯಾರಾದರೂ ರೈಲಿನಲ್ಲಿ ಕೂತಿದ್ದೀರಾ ಅಂದ, ಎಲ್ಲರೂ ನಕ್ಕರು, ನಾನೂ ನಕ್ಕೆ, ಅಕ್ಕಾ ನಾನು ಅಂತ ಶ್ರೀನಿಧಿ ಬಾಯಿ ತೆರೆದ, ಇವನದ್ದೊಂದು ಯಾವಾಗಲೂ ಅಂದುಕೊಂಡೆ, ಬೆರಳು ಮ್ಯೂಟ್ ಒತ್ತಿಬಿಟ್ಟಿತು, ಅವನ ಚೌಕದ ಮೂಲೆಯಲ್ಲಿ ಕೆಂಪು ಮೈಕು, ಅಡ್ಡಗೆರೆ. ಸಾರಿ ಡೆಕ್ಲನ್, ಮುಂದುವರಿಸೋಣ. ಗದ್ದಲ ಮಾಡುವವರನ್ನು ಮ್ಯೂಟ್ ಮಾಡಬೇಕು ಅಂತ ಟೀಮಿಗೆಲ್ಲ ಪಾಠ ಹೇಳಿದವಳು ನಾನೇ. ರೈಲಂತೆ, ಆ ಬೆಟ್ಟದಲ್ಲಿ ಎಲ್ಲಿಯ ರೈಲು, ಆ ಬೀದಿ ಕಂಡವಳು ಅಷ್ಟು ಜನರಲ್ಲಿ ನಾನೊಬ್ಬಳೇ, ಗೊತ್ತಿದ್ದೂ ನಕ್ಕೆ. ಅವನ ಬಾಯಿ ಆಡುತ್ತಲೇ ಇತ್ತು, ಎದ್ದ, ಕುರ್ಚಿ ಬಿತ್ತು, ಚೌಕ ಕಪ್ಪಾಯಿತು, ಕರೆಂಟು ಹೋಗಿರಬೇಕು ಅಂತ ಮುಂದಿನ ಸ್ಲೈಡಿಗೆ ಹೋದೆ.

ರೆಕಾರ್ಡಿಂಗ್ ಇದೆ, ಹೌದಲ್ಲ, ಇದೆ, ಹಿಂದಕ್ಕೆ ಎಳೆಯುತ್ತೇನೆ, ಗುಡುಗುಡು, ನಗು, ಎಲ್ಲರಿಗಿಂತ ಜೋರು ನನ್ನದೇ, ಅಕ್ಕಾ ನಾನು, ಅಷ್ಟೇ, ಆಮೇಲೆ ನನ್ನ ದರಿದ್ರ ದನಿ, ಸಾರಿ ಡೆಕ್ಲನ್. ಮತ್ತೆ ಹಿಂದಕ್ಕೆ. ಅಕ್ಕಾ ನಾನು. ನಾನು ಏನೋ, ಎಲ್ಲಿಗೋ, ಹೇಳೋ ಶ್ರೀನಿಧಿ, ಈಗ ಹೇಳೋ, ಕೇಳ್ತೀನಿ ಕಣೋ. ತುಟಿ ನೋಡಿದರೆ ತಿಳಿಯಬಹುದು, ಮೇಲೆ ಅನ್ನುವಾಗ ತುಟಿ ಕೂಡುತ್ತದೆ, ಕೆಳಗೆ ಅನ್ನುವಾಗ ಕೂಡುವುದಿಲ್ಲ, ಕಿಟಕಿಯ ಗಾಜಿನಲ್ಲಿ ನನ್ನ ಬಾಯಿ ನೋಡಿಕೊಂಡು ಹೇಳುತ್ತೇನೆ, ಮೇಲೆ, ಕೆಳಗೆ, ಮೇಲೆ, ಕೆಳಗೆ, ಬಾಗಿಲಲ್ಲಿ ಮಗಳು ತನ್ವಿ, ಸ್ಕೂಲ್ ಬ್ಯಾಗ್ ಇನ್ನೂ ಬೆನ್ನಿನ ಮೇಲಿದೆ, ಅಮ್ಮಾ, ಹೂ ಆರ್ ಯು ಟಾಕಿಂಗ್ ಟು, ಯಾರೂ ಇಲ್ಲ ಪುಟ್ಟಾ, ಹೋಗಿ ಬಿಸ್ಕತ್ತು ತಿನ್ನು. ಪರದೆ ತುಂಬ ನನ್ನ ಸ್ಲೈಡೇ, ಅವನು ಮೂಲೆಯಲ್ಲಿ, ಅಂಚೆಚೀಟಿಯಷ್ಟು, ತುಟಿ ಕೂಡಿತಾ, ಕೂಡಲಿಲ್ಲವಾ, ಮ್ಯೂಟ್ ಮಾಡಲು ನನಗೆ ಬರುತ್ತದೆ, ತೆಗೆಯಬೇಕಾದವನು ಅವನೇ, ಅದನ್ನೂ ನಾನೇ ಹೇಳಿಕೊಟ್ಟದ್ದು — ಫೋನ್ ಮತ್ತೆ ಗುರ್ ಅನ್ನುತ್ತದೆ, ಮೇಲೋ ಕೆಳಗೋ, ಒಂದು ಮಾತು ಸಾಕು ಅನ್ನುತ್ತಾಳೆ, ಲುವಾನಾ, ತಡಿ, ತಡಿ ಕಣೇ, ಇನ್ನೊಂದು ಸಲ, ದೊಡ್ಡದು ಮಾಡುತ್ತೇನೆ, ಅವನ ಕಣ್ಣು ಕಲಸಿಹೋಗುತ್ತದೆ, ಇನ್ನೂ ದೊಡ್ಡದು, ಬಾಯಿ ಕಲಸಿಹೋಗುತ್ತದೆ, ಕಲಸಿಹೋಗದೆ ಉಳಿಯುವುದು ಅದೊಂದೇ, ಅವನ ಗಲ್ಲದ ಪಕ್ಕ, ಕೆಂಪು ಮೈಕು, ಅದರ ಮೇಲೆ ಅಡ್ಡಗೆರೆ, ಹಿಂದಕ್ಕೆ, ಅಕ್ಕಾ ನಾನು, ಕೆಂಪು ಮೈಕು, ಅಡ್ಡಗೆರೆ, ಅಕ್ಕಾ ನಾನು, ಕೆಂಪು ಮೈಕು