ಚೋಮಿಯ ಪಾಲಿನ ಅರ್ಧ ಕೋಣೆ

"ಗಂಡನ್ನ ಬಿಡ್ತೀಯಾ? ಬಿಡು. ಹಂಗೇ ನನ್ನ ಲೈನ್ ಮನೇನೂ ಬಿಟ್ಟು ತೊಲಗು, ಬೇವರ್ಸಿ ಮುಂಡೆ."

ಸಾಹುಕಾರ ಉತ್ತಯ್ಯನವರು ಜಗಲಿಯಲ್ಲಿ ಕುಳಿತು, ನಾಯಿಯ ಕಿವಿಯಿಂದ ಉಣ್ಣಿ ಕೀಳುತ್ತಲೇ ಹೇಳಿದರು. ಕಾಫಿ ಕಣದ ಅಂಚಿನಲ್ಲಿ, ತೋಟದ ಆಳುಗಳ ಸಾಲುಮನೆಯಾದ ಲೈನಿನಲ್ಲಿ ವಾಸವಿದ್ದ ಚೋಮಿಯೂ ಅವಳ ಗಂಡ ಮಾರನೂ ನಿಂತಿದ್ದರು.

ಕುಡಿದರೆ ಮಾರನ ಕೈ ಮುಂದಾಗುತ್ತಿತ್ತು. ಹೋದ ಮಳೆಗಾಲದಲ್ಲಿ ಚೋಮಿಯೂ ಸೌದೆ ಎತ್ತಿಕೊಂಡಳು. ಅವನ ಹಣೆಗೆ ಹೊಲಿಗೆ ಬಿತ್ತು. ಆಮೇಲೆ ಇಬ್ಬರೂ ಕೂತು ಮಾತಾಡಿ, ಬೇರೆಯಾಗೋಣ ಎಂದು ತೀರ್ಮಾನಿಸಿದರು. ಅವರ ಸಂಸಾರದಲ್ಲಿ ಇಬ್ಬರೂ ಒಪ್ಪಿದ ಸಂಗತಿ ಅದೊಂದೇ.

ಒಂದೇ ಜೀಪಿನಲ್ಲಿ ನೇತಾಡಿಕೊಂಡು ವಿರಾಜಪೇಟೆಗೆ ಹೋಗಿ, ಬಡವರಿಗೆ ಪುಕ್ಕಟೆಯಾಗಿ ಕೇಸು ನಡೆಸಿಕೊಡುವ ವಕೀಲೆ ಮಾಲತಿಯನ್ನು ಕಂಡರು. ಇಬ್ಬರೂ ಒಪ್ಪಿದ್ದರೆ ಸುಲಭ, ಆದರೆ ಅರ್ಜಿ ಹಾಕುವ ಮೊದಲು ಒಂದು ವರ್ಷ ಬೇರೆ ಬೇರೆ ಬಾಳಿರಬೇಕು ಎಂದರು ಅವರು.

ಅದಕ್ಕೇ ಚೋಮಿ, ಲೈನಿನ ಕೊನೆಯ ಖಾಲಿ ಮನೆ ಕೊಡಿ ಎಂದು ಕೇಳಲು ಬಂದದ್ದು. ಅದು ನಾಯಿ ಮರಿ ಹಾಕುವುದಕ್ಕೆ ಎಂದರು ಸಾಹುಕಾರರು. ಜೋಡಿಗೊಂದು ಮನೆ, ಜೋಡಿ ಮುರಿದರೆ ಇಬ್ಬರಿಗೂ ಕೆಲಸವಿಲ್ಲ. ಅಷ್ಟು ಹೇಳಿ ಮುಗಿಸುವಾಗ ಅವರಿಗೊಂದು ತಮಾಷೆ ಹೊಳೆಯಿತು.

"ತೀರ್ಥಪ್ರಸಾದಾ, ಇವ್ರ ಮನೆ ನಡುವೆ ಒಂದು ಗೆರೆ ಎಳ್ದು ಬಾ. ಇಂಡಿಯಾ ಪಾಕಿಸ್ತಾನ ಮಾಡು."

ತೋಟದ ಹಾಜರಿ ಬರೆಯುವ ರೈಟರ್ ತೀರ್ಥಪ್ರಸಾದ್ ಸುಣ್ಣದ ಡಬ್ಬಿ ಹಿಡಿದು ಬಂದ. ಇದ್ದದ್ದೊಂದೇ ಕೋಣೆ. ನಗುತ್ತ ಗೋಡೆಯಿಂದ ಗೋಡೆಗೆ ಗೆರೆ ಎಳೆದ. ಬಾಗಿಲು ಮಾರನ ಪಾಲಿಗೆ ಹೋಯಿತು, ಒಲೆ ಚೋಮಿಯ ಪಾಲಿಗೆ ಬಂತು. ದಾಟಿದವರ ಹಾಜರಿ ಕಟ್, ಆ ದಿನದ ಕೂಲಿ ಇಲ್ಲ ಎಂದು ಹೇಳಿ ಹೋದ. ಲೈನಿನವರೆಲ್ಲ ಬಂದು ನೋಡಿ ನಕ್ಕರು. ಚೋಮಿಗೆ ನಗು ಬರಲಿಲ್ಲ.

ಮರುದಿನದಿಂದ ಅವಳು ಕಿಟಕಿಯಿಂದ ಇಳಿದು ಕಾಫಿ ಹಣ್ಣಿನ ಪಿಕ್ಕಿಂಗಿಗೆ ಹೋದಳು. ಮಾರ ತನ್ನ ಕಡೆ ಮೂರು ಕಲ್ಲಿಟ್ಟು ಅಕ್ಕಿ ಬೇಯಿಸಿದ. ಅದು ಗಂಜಿಯೂ ಆಗಲಿಲ್ಲ, ಅನ್ನವೂ ಆಗಲಿಲ್ಲ. ಆಚೆಯಿಂದ ಬಂಗುಡೆ ಸಾರಿನ ವಾಸನೆ ಬಂದರೆ ಗೆರೆಯಂಚಿಗೆ ಕೂತು ಮೂಗು ಮಾತ್ರ ಚಾಚುತ್ತಿದ್ದ. ಮೂಗಿಗೆ ಹಾಜರಿ ಇಲ್ಲವಲ್ಲ ಎಂದು ವಾದಿಸುತ್ತಿದ್ದ. ಆದರೆ ಕುಡಿದು ಬಂದ ದಿನವೂ ಗೆರೆ ದಾಟಲಿಲ್ಲ. ಅಲ್ಲೇ ನಿಂತು ಅವಳ ಅಪ್ಪ ಅಮ್ಮನನ್ನೆಲ್ಲ ಬೈದು, ಬಿದ್ದುಕೊಂಡ. ಚೋಮಿ ಬೆಳಗಾಗುವ ತನಕ ನಿದ್ದೆ ಮಾಡಿದಳು. ಎದ್ದವಳೇ ಸುಣ್ಣ ಕಲಸಿ, ಮಾಸಿದ ಕಡೆಯೆಲ್ಲ ಗೆರೆಯನ್ನು ತಿದ್ದಿದಳು.

ಕಾಫಿ ಹೂ ಬಿಡುವ ಹೊತ್ತಿಗೆ ಮಾಲತಿಗೆ ಫೋನು ಮಾಡಿ, ಇದು ಬೇರೆ ಬಾಳಿದ ಲೆಕ್ಕಕ್ಕೆ ಬರುತ್ತದಾ ಎಂದು ಕೇಳಿದಳು. ಮಾಲತಿ ಬಹಳ ಹೊತ್ತು ನಕ್ಕರು. ಒಂದೇ ಸೂರಿನಡಿ ಇದ್ದರೂ ಗಂಡಹೆಂಡಿರಾಗಿ ಬಾಳದಿದ್ದರೆ ಬೇರೆ ಇದ್ದಂತೆಯೇ. ಗೆರೆ ಎಳೆದ ದಿನದಿಂದಲೇ ವರ್ಷ ಶುರು. ಬೇಕಾದರೆ ಎಳೆಸಿದವರನ್ನೂ ಎಳೆದವರನ್ನೂ ಸಾಕ್ಷಿಗೆ ಕರೆಸೋಣ ಎಂದರು.

ಮಾರ ಅದನ್ನು ಸಾರಾಯಿ ಗಡಂಗಿನಲ್ಲಿ ಊರಿಗೆಲ್ಲ ಸಾರಿದ. ಮರುದಿನ ಬೆಳಿಗ್ಗೆಯೇ ತೀರ್ಥಪ್ರಸಾದ್ ನೀರಿನ ಬಕೆಟ್ಟು, ಗೋಣಿಚೀಲ ಹಿಡಿದು ಬಂದ. ಕೋರ್ಟಿನಲ್ಲಿ ಕೈಕಟ್ಟಿ ನಿಲ್ಲಲು ಸಾಹುಕಾರರಿಗೆ ಮನಸ್ಸಿರಲಿಲ್ಲ.

ಮಾರ ಬಾಗಿಲಿಗೆ ಅಡ್ಡ ನಿಂತ. "ಎಂತ ರೈಟ್ರೇ, ಕೇಳ್ದೆ ನುಗ್ಗೋದು? ಇದು ನನ್ನ ಮನೆ. ಅವ್ಳ ಮನೆ ಆಚೆ ಉಂಟು."

"ಸರಿಯೋ ಸೂಳೆಮಗನೆ," ಎಂದು ತೀರ್ಥಪ್ರಸಾದ್ ಅವನನ್ನು ತಳ್ಳಿ, ಮಂಡಿಯೂರಿ ಕೂತು ಗೆರೆಯನ್ನು ಉಜ್ಜತೊಡಗಿದ. ಒಂದು ಗೇಣು ಅಳಿಸಿತು, ಎರಡು ಗೇಣು ಅಳಿಸಿತು. ಚೋಮಿ ಸುಣ್ಣದ ಡಬ್ಬಿ ತಂದು ಅವನೆದುರೇ ಕೂತಳು.

"ನೀವು ಒರ್ಸಿ ರೈಟ್ರೇ. ನಾನು ಎಳೀತಾ ಬರ್ತೀನಿ. ನಂಗಿವತ್ತು ರಜೆ ಉಂಟು."

ಗೋಡೆಯ ಬುಡದಿಂದ ಶುರು ಮಾಡಿದಳು. ಅವನ ಎಡಗೈ ನೆಲದ ಮೇಲೆ ಊರಿಕೊಂಡಿತ್ತು. ಚೋಮಿ ಬ್ರಶ್ಶು ನಿಲ್ಲಿಸಲಿಲ್ಲ. ಆ ಐದೂ ಬೆರಳುಗಳ ಮೇಲೆ ಹಾಯಿಸಿ, ಗೆರೆಯನ್ನು ಆಚೆ ಗೋಡೆಗೆ ಮುಟ್ಟಿಸಿದಳು.