ಹೋಗಿ ಬಾ ಎನ್ನದವಳು

ಚೀನಾದ ಲುವೊಯಾಂಗ್ ಊರಿನಲ್ಲಿ ಹೊತ್ತು ಮುಳುಗಿದರೆ ಸಾಕು, ಹೆಣ್ಣುಮಕ್ಕಳೆಲ್ಲ ಸಾವಿರ ವರ್ಷ ಹಿಂದಕ್ಕೆ ಓಡುತ್ತಾರೆ. ಹಗಲೆಲ್ಲ ಬ್ಯಾಂಕಿನ ಗಾಜಿನ ಹಿಂದೆ ಕೂತವಳು, ಕಾಲೇಜಿನ ಬೆಂಚಿನ ಮೇಲೆ ತೂಕಡಿಸಿದವಳು, ಗಂಡನ ಜೊತೆ ಜಗಳವಾಡಿ ಹೊರಟುಬಂದವಳು, ಎಲ್ಲರೂ ಲಿಜಿಂಗ್ ಕೋಟೆಬಾಗಿಲಿನ ಬೀದಿಗೆ ಬಂದು, ಎದೆಯ ಮೇಲೆ ಉದ್ದ ಲಂಗ ಕಟ್ಟಿಸಿಕೊಂಡು, ನೆತ್ತಿಯ ಮೇಲೆ ಗೋಪುರದಂಥ ತುರುಬು ಇಡಿಸಿಕೊಂಡು, ಅರಮನೆಯ ಹೆಂಗಸರಾಗಿಬಿಡುತ್ತಾರೆ. ಕೋಟೆಯ ಮೇಲೆ ದೀಪ ಹತ್ತುತ್ತದೆ. ಕುರಿ ಮಾಂಸದ ಕಡ್ಡಿಗಳ ಹೊಗೆಯ ನಡುವೆ ಹಳೆಯ ಕಾಲದ ರಾಣಿಯರು ಮೊಬೈಲಿಗೆ ನಕ್ಕು ನಿಲ್ಲುತ್ತಾರೆ. ಪಿಯೋನಿ ಹೂ ಅರಳುವ ತಿಂಗಳಲ್ಲಂತೂ ಬೀದಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಈ ರಾಣಿಯರನ್ನು ತಯಾರು ಮಾಡುವ ಅಂಗಡಿಗಳಲ್ಲಿ ತಾವೋ ಅಕ್ಕನದೂ ಒಂದು. ಬಟ್ಟೆ ಬಾಡಿಗೆಗೆ, ಮುಖಕ್ಕೆ ಬಣ್ಣ, ತಲೆಗೆ ತುರುಬು. ಅಲ್ಲಿ ಕಿಟಕಿಯ ಪಕ್ಕದ ಕುರ್ಚಿ ಷೂಪಿಂಗಳದು. ನಲವತ್ತು ದಾಟಿದ ಹೆಂಗಸು, ಮಾತು ಕಡಿಮೆ, ಕೈ ಚುರುಕು. ಅವಳು ಬರೆದ ಹುಬ್ಬು ಬೆಳಗಿನತನಕ ಅಳಿಸಿಹೋಗುವುದಿಲ್ಲ ಎಂದು ಗಿರಾಕಿಗಳು ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು. ತಾವೋ ಅಕ್ಕನಿಗೆ ಅವಳ ಮೇಲೆ ಇದ್ದದ್ದು ಒಂದೇ ಒಂದು ದೂರು.

"ಏನೇ ಷೂಪಿಂಗ್, ಬಾಯಿಗೆ ಹೊಲಿಗೆ ಹಾಕಿಸ್ಕೊಂಡಿದೀಯಾ? ಪಕ್ಕದಂಗಡಿಯೋರು 'ಹೋಗ್ಬನ್ನಿ, ಮತ್ತೆ ಬನ್ನಿ' ಅಂತ ಗಂಟಲು ಹರ್ಕೋತಾರೆ. ನೀನು ನೋಡಿದ್ರೆ ಹೆಣಕ್ಕೆ ಸಿಂಗಾರ ಮಾಡ್ದಂಗೆ ಮಾಡಿ ಸುಮ್ನೆ ಕಳಿಸ್ತೀಯ!"

ಮಾತಿಗೆ ಅಂದ ಮಾತು ಅದು. ಆದರೂ ಷೂಪಿಂಗಳ ಕೈಯಲ್ಲಿದ್ದ ಬ್ರಷ್ಷು ಒಂದು ಗಳಿಗೆ ನಿಂತಿತು. ಏಕೆಂದರೆ ಹಗಲು ಅವಳು ಮಾಡುತ್ತಿದ್ದದ್ದು ಆ ಕೆಲಸವನ್ನೇ. ಊರಾಚೆಯ ಚಿತಾಗಾರದಲ್ಲಿ, ತಣ್ಣನೆಯ ಕೋಣೆಯೊಳಗೆ, ಸ್ಟೀಲಿನ ಮೇಜಿನ ಮೇಲೆ ಮಲಗಿದವರ ಮುಖ ತೊಳೆದು, ಬಣ್ಣ ಹಚ್ಚಿ, ಮನೆಯವರು ಕೊನೆಯ ಸಲ ನೋಡುವುದಕ್ಕೆ ಸಿದ್ಧಮಾಡುವುದು. ಅಂಗಡಿಯಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಕೆಲಸ ಎಂದು ಹೇಳಿಕೊಂಡಿದ್ದಳು.

ಚಿತಾಗಾರದವರಿಗೆ ಅವರದೇ ಕಟ್ಟುಪಾಡುಗಳಿವೆ. ಯಾರ ಕೈಯನ್ನೂ ಕುಲುಕಬಾರದು. ಮದುವೆ ಮನೆಗೆ ಕರೆಯದೆ ಹೋಗಬಾರದು, ಕರೆದರೂ ಹೋಗಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಹೊರಟವರಿಗೆ 'ಹೋಗಿ ಬನ್ನಿ' ಎನ್ನಬಾರದು. ಆ ಜಾಗಕ್ಕೆ ಮತ್ತೆ ಬರಲಿ ಎಂದು ಯಾರಿಗೆ ತಾನೇ ಹೇಳುವುದು? 'ನಿಧಾನವಾಗಿ ಹೋಗಿ' ಎಂದಷ್ಟೇ ಹೇಳುತ್ತಾರೆ, ಬದುಕಿದ್ದವರಿಗೂ ಮಲಗಿದ್ದವರಿಗೂ. ಕೆಲಸಕ್ಕೆ ಸೇರಿದ ದಿನವೇ ಗೆಂಗಣ್ಣ ಎಂಬ ಹಿರಿಯ ಇದನ್ನು ಅವಳಿಗೆ ಕಲಿಸಿದ್ದ. ಅಂದಿನಿಂದ ಆ ಎರಡು ಮಾತು ಅವಳ ಬಾಯಲ್ಲಿ ಬಂದಿರಲಿಲ್ಲ. ಅಂಗಡಿಗೆ ಬಂದ ಹುಡುಗಿಯರಿಗೂ ಅವಳು ಮೆಲ್ಲಗೆ ಹೇಳುತ್ತಿದ್ದದ್ದು 'ನಿಧಾನವಾಗಿ ಹೋಗಮ್ಮ' ಎಂದೇ.

ಸ್ವಂತ ತಂಗಿ ಮಗನ ಮದುವೆಗೆ ಅವಳನ್ನು ಕರೆದಿರಲಿಲ್ಲ. "ಬೇಜಾರ್ ಮಾಡ್ಕೋಬೇಡ ಅಕ್ಕ, ಹುಡುಗಿ ಕಡೆಯೋರು ಒಂಥರ" ಎಂದು ತಂಗಿ ಫೋನು ಇಟ್ಟಿದ್ದಳು. ಷೂಪಿಂಗ್ ಅತ್ತಿರಲಿಲ್ಲ. ಆದರೆ ಆಮೇಲೇ ಅವಳು ತಾವೋ ಅಕ್ಕನ ಅಂಗಡಿಯ ಬಾಗಿಲು ತಟ್ಟಿದ್ದು. ಸಂಜೆ ಅಲ್ಲಿ ಸಿಗುತ್ತಿದ್ದ ಮುಖಗಳು ಬೆಚ್ಚಗಿರುತ್ತಿದ್ದವು. ಬ್ರಷ್ಷು ತಾಗಿದರೆ ರೆಪ್ಪೆ ಅದುರುತ್ತಿತ್ತು. ತುಟಿಗೆ ಬಣ್ಣ ಹಚ್ಚುವಾಗ 'ಸ್ವಲ್ಪ ತಡೀರಿ' ಎಂದು ಸೀನುತ್ತಿದ್ದವು. ಆ ಸೀನಿಗಾಗಿ ಅವಳು ಹಗಲನ್ನು ಹಲ್ಲುಕಚ್ಚಿ ಕಳೆಯುತ್ತಿದ್ದಳು ಎಂದರೆ ಸುಳ್ಳಲ್ಲ. ವಿಷಯ ಬಯಲಾದರೆ ಆ ಕುರ್ಚಿ ಹೋಯಿತು ಎಂಬುದೂ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಹೂವಿನ ತಿಂಗಳ ಒಂದು ಸಂಜೆ ಕುರ್ಚಿಗೆ ಬಂದು ಕೂತವಳು ಗುಯು. ಹತ್ತೊಂಬತ್ತರ ಹುಡುಗಿ, ನಿಮಿಷಕ್ಕೊಮ್ಮೆ ಕನ್ನಡಿ ನೋಡಿಕೊಂಡು ನಗುವವಳು.

"ಆಂಟಿ, ನಿಮ್ ಕೈ ಎಷ್ಟು ತಣ್ಣಗಿದೆ! ಐಸ್‌ಕ್ರೀಂ ಅಂಗಡೀಲಿ ಕೆಲ್ಸ ಮಾಡ್ತಿದ್ರಾ?"

"ಅಲ್ಲಾಡ್ಬೇಡ. ಹುಬ್ಬು ಕಿವಿಗೆ ಹೋಗತ್ತೆ."

"ಹೋಗ್ಲಿ ಬಿಡಿ. ಇವತ್ತು ನನ್ ಹುಟ್ಟಿದಬ್ಬ. ಕಿವಿವರೆಗೂ ಹುಬ್ಬಿದ್ರೆ ರಾಣಿ ಅಲ್ದೆ ಮಹಾರಾಣಿ ಅಂತಾರೆ."

ಷೂಪಿಂಗ್‌ಗೆ ನಗು ಬಂತು. ಹುಡುಗಿಯ ಹಣೆಯ ಮೇಲೆ ಕೆಂಪು ಹೂಬೊಟ್ಟು ಬರೆದಳು. ಐದು ಎಸಳು, ಅದರ ಕೆಳಗೆ ಸಣ್ಣದೊಂದು ಹಳದಿ ಚುಕ್ಕಿ. ಆ ಚುಕ್ಕಿಯನ್ನು ಬೀದಿಯಲ್ಲಿ ಬೇರೆ ಯಾರೂ ಇಡುತ್ತಿರಲಿಲ್ಲ.

ಗುಯು ಬೀದಿ ತುಂಬ ಓಡಾಡಿ, ಫೋಟೋ ತೆಗೆಸಿಕೊಂಡು, ಬಾಯಿ ತುಂಬ ಹೂವಿನ ಸಿಹಿರೊಟ್ಟಿ ತುಂಬಿಕೊಂಡು ವಾಪಸು ಬಂದಳು. ಆದರೆ ಏಪ್ರಿಕಾಟ್ ಬಣ್ಣದ ಆ ಲಂಗ ಬಿಚ್ಚಲು ಮನಸ್ಸಿಲ್ಲ.

"ಆಂಟಿ, ಒಂದ್ ಮಾತು. ಅಮ್ಮ ಸೇತುವೆ ಆಚೆ ದನದ ಸೂಪಿನಂಗಡೀಲಿ ಮೂಳೆ ಬೇಯಿಸ್ತಾಳೆ. ಬೆಳಗಾಗೋವರೆಗೂ ಅಲ್ಲೇ. ಫೋಟೋ ತೋರ್ಸೋಣ ಅಂದ್ರೆ, ಕೈಯೆಲ್ಲ ಜಿಡ್ಡು ಅಂತ ಫೋನೇ ಮುಟ್ಟಲ್ಲ. ಹಾಕ್ಕೊಂಡೇ ಹೋಗಿ ಎದುರಿಗೆ ನಿಂತ್ರೆ ಹೆಂಗಿರತ್ತೆ ಹೇಳಿ! ನಾಳೆ ತಂದ್ಕೊಡ್ತೀನಿ. ಆಣೆಗೂ."

ಬಟ್ಟೆ ಅಂಗಡಿ ಬಿಟ್ಟು ಹೊರಗೆ ಹೋಗುವ ಹಾಗಿರಲಿಲ್ಲ. ತಾವೋ ಅಕ್ಕ ಊಟಕ್ಕೆ ಹೋಗಿದ್ದಳು. ಷೂಪಿಂಗ್ ಬಾಗಿಲ ಕಡೆ ನೋಡಿದಳು, ಹುಡುಗಿಯ ಕಡೆ ನೋಡಿದಳು.

"ಹಾಕ್ಕೊಂಡ್ಹೋಗು. ನಾಳೆ ಸಂಜೆ ಅಕ್ಕ ಬರೋದ್ರೊಳಗೆ ತಂದ್ಬಿಡು."

ಗುಯು ಅವಳ ತಣ್ಣನೆಯ ಕೈಯನ್ನು ಹಿಡಿದು ಕುಣಿಸಿಬಿಟ್ಟಳು. ಲಂಗ ಎತ್ತಿ ಕಟ್ಟಿಕೊಂಡು ಸ್ಕೂಟರ್ ಹತ್ತಿ, "ಬರ್ತೀನಿ ಆಂಟಿ!" ಎಂದು ಕೂಗಿದಳು.

"ಹೂಂ, ಹೋಗ್ಬಾ," ಎಂದಳು ಷೂಪಿಂಗ್.

ಅಂದ ಮೇಲೆ ಅವಳಿಗೆ ಗೊತ್ತಾಯಿತು. ನಾಲಿಗೆ ಕಚ್ಚಿಕೊಂಡಳು. ಸ್ಕೂಟರಿನ ಕೆಂಪು ದೀಪ ಅಷ್ಟರಲ್ಲಿ ಬೀದಿಯ ತಿರುವು ದಾಟಿತ್ತು. ಬಟ್ಟೆ ವಾಪಸು ತರಲಿ ಎಂದು ಅಂದದ್ದು, ಬೇರೇನಲ್ಲ, ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಮುಂದಿನ ಗಿರಾಕಿಯನ್ನು ಕೂರಿಸಿದಳು.

ಮರುದಿನ ಬೆಳಗ್ಗೆ ಚಿತಾಗಾರದಲ್ಲಿ ಗೆಂಗಣ್ಣ ಕೈಗವಸು ಹಾಕಿಕೊಳ್ಳುತ್ತ, "ಎಳೇದೊಂದು ಬಂದಿದೆ ಕಣೆ," ಎಂದ. "ಸೇತುವೆ ತಿರುವಲ್ಲಿ ಲಾರಿ. ಸ್ಕೂಟರಲ್ಲಿತ್ತಂತೆ. ಹೊಟ್ಟೆ ಉರಿಯತ್ತೆ ನೋಡಿದ್ರೆ."

ಷೂಪಿಂಗ್ ಬಟ್ಟೆ ಸರಿಸಿದಳು. ಎಡಗೆನ್ನೆ ಕೆನ್ನೆಯಾಗಿ ಉಳಿದಿರಲಿಲ್ಲ. ಹಣೆ ಮಾತ್ರ ಹಾಗೇ ಇತ್ತು. ಹಣೆಯ ಮೇಲೆ ಐದು ಎಸಳಿನ ಕೆಂಪು ಹೂವು, ಅದರ ಕೆಳಗೊಂದು ಹಳದಿ ಚುಕ್ಕಿ.

ಅವಳು ಬರಿಗೈಯಲ್ಲೇ ಆ ಚುಕ್ಕಿಯನ್ನು ಮುಟ್ಟಿ ನೋಡಿದಳು. ಇಷ್ಟು ವರ್ಷದಲ್ಲಿ ಆ ಕೋಣೆಯಲ್ಲಿ ಅವಳು ಹೀಗೆ ಬರಿಗೈ ತಾಗಿಸಿದ್ದಿಲ್ಲ.

"ಯಾರೇ ಇದು? ನಿಂಗೇನಾಗ್ಬೇಕು?"

"ಏನೂ ಆಗ್ಬೇಕಿಲ್ಲ ಗೆಂಗಣ್ಣ. ನಿನ್ನೆ ಸಂಜೆ ನಾನೇ ಸಿಂಗಾರ ಮಾಡಿದ್ದು. ಹೊರಡುವಾಗ… ಹೋಗ್ಬಾ ಅಂದ್ಬಿಟ್ಟೆ."

ಮುದುಕ ಬಟ್ಟೆ ಮುಚ್ಚಿ ಕೈಗವಸು ಬಿಚ್ಚಿದ. ಆಮೇಲೆ, "ಹುಚ್ಚಿ, ಲಾರಿ ಓಡಿಸ್ದೋಳು ನೀನಲ್ಲ," ಎಂದ. ನಲ್ಲಿ ತಿರುಗಿಸಿ ಕೈ ತೊಳೆದ. ತೊಳೆದ ಕೈಯನ್ನೇ ಮತ್ತೆ ತೊಳೆದ. "ಆದ್ರೂ ಅನ್ಬಾರದಿತ್ತು ಕಣೆ," ಎಂದ.

ಕೊನೆಯ ದರ್ಶನ ಮರುದಿನ ಬೆಳಗ್ಗೆ ಇತ್ತು. ಕೆನ್ನೆಗೆ ಹೊಲಿಗೆ ತಾನೇ ಹಾಕುತ್ತೇನೆ, ಮುಖ ನಾಳೆ ಮಾಡು, ಈಗ ಹೋಗು ಎಂದು ಗೆಂಗಣ್ಣ ಅವಳನ್ನು ಹೊರಗೆ ಕಳಿಸಿದ. ಅವಳು ಊಟ ಮಾಡಲಿಲ್ಲ, ಮಲಗಲಿಲ್ಲ. ಸಂಜೆ ಕಾಲು ತಾನಾಗಿಯೇ ಅಂಗಡಿಗೆ ಕರೆದೊಯ್ದಿತು. ಬದುಕಿರುವ ಮುಖ ಒಂದಾದರೂ ಮುಟ್ಟದಿದ್ದರೆ ತನಗೆ ಹುಚ್ಚು ಹಿಡಿಯುತ್ತದೆ ಎನ್ನಿಸಿತ್ತು ಅವಳಿಗೆ.

ಅಂಗಡಿಯಲ್ಲಿ ತಾವೋ ಅಕ್ಕ ಕೆಂಡವಾಗಿದ್ದಳು.

"ಲಂಗ ಎಲ್ಲಿ? ಯಾರನ್ ಕೇಳಿ ಕೊಟ್ಟೆ? ನಿಮ್ಮಪ್ಪನ ಮನೆ ಆಸ್ತಿನಾ? ಆ ಹುಡುಗಿ ಮತ್ತೆ ಈ ಕಡೆ ತಲೆ ಹಾಕ್ತಾಳೆ ಅಂದ್ಕೊಂಡಿದೀಯಾ?"

ಷೂಪಿಂಗ್ ತನ್ನ ಮುಂದೆ ಕೂತಿದ್ದ ದಪ್ಪ ಕನ್ನಡಕದ ಗಿರಾಕಿಗೆ ಒಂದು ಹುಬ್ಬು ಬರೆದು ಮುಗಿಸಿದಳು. ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ರಬ್ಬರ್ ಚಪ್ಪಲಿ, ಜಿಡ್ಡು ಹಿಡಿದ ತೋಳು, ಮೈಯಿಂದ ಮೂಳೆ ಸೂಪಿನ ವಾಸನೆ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ.

"ಇದು ನಿಮ್ದಂತೆ," ಎಂದಳು. "ಇವತ್ತು ವಾಪಸ್ ಕೊಡ್ಬೇಕು ಅಂತ ಫೋನಿಗೆ ಬರೆದು ಹಾಕಿದ್ಲು, ನಾನು ಆಮೇಲೆ ನೋಡ್ದೆ. ಒಗ್ದಿದೀನಿ. ಕಲೆ ಪೂರ್ತಿ ಹೋಗ್ಲಿಲ್ಲ, ಬೈಬೇಡಿ."

ತಾವೋ ಅಕ್ಕ ಚೀಲದಿಂದ ಲಂಗ ಎಳೆದಳು. ಒಂದು ಬದಿ ಸೀಳಿಹೋಗಿತ್ತು. "ಇದೇನ್ರೀ ಇದು! ನಿಮ್ ಮಗಳು ಇದನ್ನ ಹಾಕ್ಕೊಂಡು ಎಲ್ಲಿ…" ಎನ್ನುತ್ತಿದ್ದವಳಿಗೆ ಮಾಸಲು ಕಲೆ ಏನೆಂದು ಹೊಳೆಯಿತು. ಲಂಗ ನೆಲಕ್ಕೆ ಬಿತ್ತು. ತಾಯಿ ಬಾಗಿ ಅದನ್ನೆತ್ತಿ, ಮಗುವಿನ ಬಟ್ಟೆ ಮಡಿಸುವ ಹಾಗೆ ಮಡಿಸಿ ಮೇಜಿನ ಮೇಲಿಟ್ಟಳು.

"ಅವಳಿಗೆ ಸಿಂಗಾರ ಮಾಡಿದೋರು ಯಾರು ನಿಮ್ಮಲ್ಲಿ? ನಾಳೆ ಬೆಳಗ್ಗೆ ಇನ್ನೊಂದ್ಸಲ ಬಂದು ಮಾಡ್ಬೇಕು. ಅದೇ ಥರ. ನಂಗೆ ತೋರ್ಸಕ್ಕೇ ಬರ್ತಿದ್ಲು, ನಾನು ನೋಡ್ಲಿಲ್ಲ."

ತಾವೋ ಅಕ್ಕ ಗಿರಾಕಿಗಳ ಕಡೆ ಕಣ್ಣು ಹಾಯಿಸಿದಳು.

"ಅಮ್ಮಾ, ಅಲ್ಲಿ ಅದಕ್ಕಂತಾನೇ ಜನ ಇರ್ತಾರೆ," ಎಂದಳು ತಾವೋ ಅಕ್ಕ, ದನಿ ತಗ್ಗಿಸಿ. "ಇದು ಹುಟ್ಟಿದಬ್ಬ, ಮದ್ವೆ ಅಂತ ಜನ ಬರೋ ಜಾಗ. ಇಲ್ಲಿ ನಿಂತು ಇಂಥ ಮಾತು ಆಡ್ಬೇಡಿ. ಹೊರಡಿ."

"ಅಲ್ಲಿಯೋರು ಅವಳ್ನ ಹೆಣವಾಗೇ ನೋಡಿರೋದು. ನಗೋವಾಗ ಅವಳ ಮುಖ ಹೆಂಗಿತ್ತು ಅಂತ ಅವರಿಗೇನ್ ಗೊತ್ತು? ಗೊತ್ತಿರೋರು ನಿಮ್ಮಲ್ಲೇ ಒಬ್ರು. ಕಾಲಿಗೆ ಬೀಳ್ತೀನಿ."

ಅವಳು ನಿಜವಾಗಿಯೂ ಮಂಡಿಯೂರಿದಳು. ಒಬ್ಬೊಬ್ಬಳ ಕೈಯನ್ನೇ ನೋಡುತ್ತ ಹೋದಳು, ಮುಖ ನೋಡಲಿಲ್ಲ.

ಸುಮ್ಮನಿದ್ದುಬಿಡಬಹುದಾಗಿತ್ತು. ನಾಳೆ ಬೆಳಗ್ಗೆ ಆ ಮುಖ ಮುಟ್ಟುವವಳು ಹೇಗೂ ತಾನೇ. ಚೆನ್ನಾಗಿ ಮಾಡಿ, ತಾಯಿ ಒಳಬರುವ ಮುಂಚೆ ಹಿಂಬಾಗಿಲಿಂದ ಜಾರಿಕೊಂಡರೆ ಕುರ್ಚಿ ಉಳಿಯುತ್ತದೆ, ಸಂಜೆಗಳು ಉಳಿಯುತ್ತವೆ. ಷೂಪಿಂಗ್ ಎಲ್ಲವನ್ನೂ ಲೆಕ್ಕ ಹಾಕಿದಳು. ಎರಡನೆಯ ಹುಬ್ಬಿಗೆ ಕಡ್ಡಿ ಇಟ್ಟೂ ಬಿಟ್ಟಳು. ಆದರೆ ಆ ತಾಯಿಯ ಕಣ್ಣು ತನ್ನ ಕೈಗೆ ಬಂದು ನಿಂತಾಗ ಕೈ ಕೇಳಲಿಲ್ಲ.

"ಏಳಿ ಮೇಲೆ," ಎಂದಳು. "ಮಾಡ್ದೋಳು ನಾನೇ. ನಾಳೆನೂ ನಾನೇ ಮಾಡ್ತೀನಿ. ನಂಗೆ ಹಗಲು ಅಲ್ಲೇ ಕೆಲ್ಸ."

ಅರ್ಥವಾಗಲು ಎಲ್ಲರಿಗೂ ಕೊಂಚ ಹೊತ್ತು ಹಿಡಿಯಿತು. ಮೊದಲು ಅರ್ಥವಾದದ್ದು ಕುರ್ಚಿಯಲ್ಲಿದ್ದ ಗಿರಾಕಿಗೆ. ಒಂಟಿ ಹುಬ್ಬಿನ ಆ ಹುಡುಗಿ ಮೆಲ್ಲಗೆ ತನ್ನ ಕೆನ್ನೆ ಮುಟ್ಟಿ ನೋಡಿಕೊಂಡಳು. ಆಮೇಲೆ ಎದ್ದು ಓಡಿ, ಸಿಕ್ಕ ಕಾಗದದಿಂದ ಚರ್ಮ ಕಿತ್ತುಬರುವ ಹಾಗೆ ಮುಖ ಉಜ್ಜತೊಡಗಿದಳು.

"ಅದೇ ಬ್ರಷ್ಷಲ್ಲೇನೇ?" ಎಂದು ತಾವೋ ಅಕ್ಕ ಕಿರುಚಿದಳು. "ನನ್ ಗಿರಾಕಿಗಳ ಮುಖಕ್ಕೆ ಅದೇ ಬ್ರಷ್ಷಾ?"

"ಅಲ್ಲ ಅಕ್ಕ. ದೇವರಾಣೆ, ಅದೇ ಬೇರೆ, ಇದೇ ಬೇರೆ."

"ಕೈ ಅದೇ ತಾನೆ!"

ಷೂಪಿಂಗಳ ಬಣ್ಣದ ಪೆಟ್ಟಿಗೆಯನ್ನು ತಾವೋ ಅಕ್ಕ ಕೈಯಲ್ಲಿ ಮುಟ್ಟದೆ ಕಾಲಿನಿಂದ ಹೊಸಿಲಾಚೆ ತಳ್ಳಿದಳು. ಹೊರಗೆ ಬೀದಿ ಝಗಝಗಿಸುತ್ತಿತ್ತು. ಯಾರೋ ರಾಣಿ ಪೆಟ್ಟಿಗೆಯನ್ನು ಎಡವಿ, "ನೋಡ್ಕೊಂಡ್ ಇಡಬಾರ್ದೇನ್ರೀ," ಎಂದು ರೇಗಿ ಮುಂದೆ ಹೋದಳು. ಷೂಪಿಂಗ್ ಪೆಟ್ಟಿಗೆ ಎತ್ತಿಕೊಂಡಳು. ಪಾಪ, ಅವಳು ಅತ್ತದ್ದು ಆ ಬೀದಿ ದಾಟಿದ ಮೇಲೆ.

ಬೆಳಗ್ಗೆ ಅವಳು ಚಿತಾಗಾರದ ಬ್ರಷ್ಷುಗಳನ್ನು ಮುಟ್ಟಲಿಲ್ಲ. ಸಂಜೆಯ ಪೆಟ್ಟಿಗೆಯನ್ನೇ ತೆರೆದಳು. ಇನ್ನು ಅದರಿಂದ ಬೇರೆ ಯಾರಿಗೆ ಉಪಯೋಗ? ಗೆಂಗಣ್ಣ ಹೊಲಿಗೆಯನ್ನು ಆದಷ್ಟು ಸಣ್ಣದಾಗಿ ಹಾಕಿದ್ದ. ಅವಳು ಅದರ ಮೇಲೆ ಮೇಣ ತುಂಬಿ, ಬಣ್ಣ ಕೂಡಿಸಿ, ಕೆನ್ನೆಯನ್ನು ಮತ್ತೆ ಕೆನ್ನೆ ಮಾಡಿದಳು. ಹುಬ್ಬು ಬರೆದಳು. 'ಅಲ್ಲಾಡ್ಬೇಡ' ಎಂದು ಹೇಳುವ ಅಗತ್ಯ ಬೀಳಲಿಲ್ಲ. ತುರುಬು ಕಟ್ಟಿದಳು. ಹಣೆಯ ಹೂವನ್ನು ಮಾತ್ರ ಹಾಗೆಯೇ ಬಿಟ್ಟಳು. ಅದು ಹುಡುಗಿ ನಗುತ್ತಿದ್ದಾಗ ಬರೆದ ಹೂವು, ಅದನ್ನು ಒರೆಸಿ ಹೊಸದು ಬರೆಯಲು ಅವಳಿಗೆ ಮನಸ್ಸು ಬರಲಿಲ್ಲ.

ತಾಯಿ ಒಳಗೆ ಬಂದು ಮೇಜಿನ ಪಕ್ಕ ನಿಂತಳು. ಕೈಗಳನ್ನು ಸೋಪು ಹಾಕಿ ತಿಕ್ಕಿ ತೊಳೆದುಕೊಂಡು ಬಂದಿದ್ದಳು. ಬೆರಳುಗಳೆಲ್ಲ ಕೆಂಪಾಗಿದ್ದವು. ಮಗಳ ಹಣೆಯನ್ನು ಮುಟ್ಟಿ, ತುರುಬನ್ನು ಮುಟ್ಟಿ, ಬಹಳ ಹೊತ್ತು ನೋಡಿದಳು.

"ಹಿಂಗಿದ್ಲಾ?"

"ಹಿಂಗೇ ಇದ್ಲು."

"ಚೆನ್ನಾಗಿದ್ಲು ಅಲ್ವಾ?"

"ತುಂಬ ಚೆನ್ನಾಗಿದ್ಲು."

ತಾಯಿ ಷೂಪಿಂಗಳ ಕಡೆ ತಿರುಗಿದಳು. "ಕೊನೇಲಿ ಅವಳ ಜೊತೆ ಮಾತಾಡ್ದೋರು ನೀವೇ ಇರ್ಬೇಕು. ಏನಂದ್ರಿ ಅವಳಿಗೆ?"

ಬಾಗಿಲಲ್ಲಿ ನಿಂತಿದ್ದ ಗೆಂಗಣ್ಣ ಬೇಡ ಎಂದು ತಲೆಯಾಡಿಸಿದ. ಷೂಪಿಂಗಳಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಹೋಗ್ಬಾ ಅಂದೆ."

ತಾಯಿ ತಲೆದೂಗಿದಳು. ಸಿಟ್ಟಿರಲಿಲ್ಲ ಆ ಮುಖದಲ್ಲಿ, ಇದ್ದಿದ್ದರೆ ಷೂಪಿಂಗ್ ತಡೆದುಕೊಳ್ಳುತ್ತಿದ್ದಳು.

"ಬಂದ್ಲಲ್ಲಮ್ಮಾ," ಎಂದಳು ತಾಯಿ. "ಚಿಕ್ಕಂದಿನಿಂದ ಹಂಗೇ ಅವಳು. ಹೇಳಿದ್ ಮಾತು ತಪ್ಪೋಳಲ್ಲ."

ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು. ಷೂಪಿಂಗ್ ಬಾಗಿ ಮಗುವಿನ ಕಿವಿಯ ಹತ್ತಿರ, "ನಿಧಾನವಾಗಿ ಹೋಗಮ್ಮ," ಎಂದಳು.